ಇಪ್ಪತ್ತನೆಯ ಬಾಯಿ

ಇಪ್ಪತ್ತನೆಯ ಬಾಯಿ ಸಿಗದೆ ತೊರಾಲಿ ಮೂರು ವಾರ ಗುವಾಹಾಟಿಯೆಲ್ಲ ಅಲೆದಿದ್ದಳು. ಬಾಯಿ ಕ್ಯಾನ್ಸರ್ ಬಂದವರ ತುಣುಕುಗಳಿಗೆ ಅವಳ ಪ್ರಯೋಗಾಲಯದಲ್ಲಿ ಬರವಿರಲಿಲ್ಲ. ಮೇಣದ ಅಚ್ಚುಗಳಲ್ಲಿ ಕೂತು ಕಪಾಟು ತುಂಬಿದ್ದವು. ಅವಳ ಸಂಶೋಧನೆಗೆ ಬೇಕಿದ್ದದ್ದು ಹೋಲಿಸಿ ನೋಡಲು ಇಪ್ಪತ್ತು ಆರೋಗ್ಯವಂತ ಬಾಯಿಗಳು. ಹಲ್ಲು ಕೀಳಿಸಲು ಬಂದವರನ್ನು ಅಡ್ಡಗಟ್ಟಿ, ಪಕ್ಕದ ಸಾಸಿವೆಯಷ್ಟು ಒಸಡು ಕೊಡುತ್ತೀರಾ ಎಂದು ಕೇಳುತ್ತಿದ್ದಳು. ಕೊಡುವವರಿದ್ದರು. ಆದರೆ ತಾಮೂಲ್, ಅಂದರೆ ಎಲೆಯಡಿಕೆ, ತಿನ್ನುವವರು ಆಗುವುದಿಲ್ಲ ಎಂದೊಡನೆ ಕೆಂಪು ಹಲ್ಲು ತೋರಿಸಿ ನಗುತ್ತಿದ್ದರು.

"ಈ ಊರಲ್ಲಿ ಅಡಿಕೆ ಕಾಣದ ಬಾಯಿ ಬೇಕಾದರೆ ತೊಟ್ಟಿಲಲ್ಲಿ ಹುಡುಕು ತಂಗಿ," ಎಂದ ಹಿರಿಯ ತಂತ್ರಜ್ಞ ಬಿಪುಲ್ ದಾ, ತಾನೂ ಒಂದು ಹೋಳು ದವಡೆಗೆ ಒತ್ತಿಕೊಳ್ಳುತ್ತ.

ಅಷ್ಟರಲ್ಲಿ ಪದುಮಿ ಪೇಹಿಯ ಹಲ್ಲು ಬಾತುಕೊಂಡಿತು.

ಪೇಹಿ ಎಂದರೆ ಅಪ್ಪನ ತಂಗಿ. ತಾಯಿಯಿಲ್ಲದ ತೊರಾಲಿಯನ್ನು ಉಜಾನ್ ಬಜಾರಿನ ತನ್ನ ಮನೆಯಲ್ಲಿಟ್ಟುಕೊಂಡು ಸಾಕಿದವಳು. ಊರವರು ಭಜನೆಗೆ ಸೇರುವ ನಾಮಘರದ ಹೆಂಗಸರ ಮೇಳದಲ್ಲಿ ಮೊದಲ ದನಿ ಅವಳದು. 'ಮಾಜೊನಿ', ಮಗಳೇ, ಎಂದು ಕರೆದು ತುತ್ತಿಗೊಂದು ಕಥೆ ಹೇಳಿ ಉಣಿಸುತ್ತಿದ್ದಳು. ಅವಳ ಕಥೆಗಳಲ್ಲಿ ನದಿಯ ಮೊಸಳೆಗೂ ಮಾತು ಬರುತ್ತಿತ್ತು, ರಾಜನ ಕೋಟೆಗೆ ನಿದ್ದೆಯನ್ನೇ ಅರಿಯದ ಕಾವಲುಗಾರನಿರುತ್ತಿದ್ದ, ಕಂಡದ್ದನ್ನು ಹೇಳದೆ ಬಚ್ಚಿಟ್ಟವರು ನಿಂತಲ್ಲೇ ಕಲ್ಲಾಗುತ್ತಿದ್ದರು. ತೊರಾಲಿ ಕಾಲೇಜಿಗೆ ಸೇರಿದ ವರ್ಷ, ಸಕ್ಕರೆ ಕಮ್ಮಿ ಮಾಡು ಪೇಹಿ ಎಂದು ಯಾವುದೋ ಪುಸ್ತಕ ನೋಡಿ ಹೇಳಿದ್ದಳು. ಅಂದಿನಿಂದ ಪೇಹಿಯ ಕೆಂಪು ಚಹಾಕ್ಕೆ ಒಂದು ಹರಳು ಸಕ್ಕರೆಯೂ ಬಿದ್ದಿರಲಿಲ್ಲ. "ನಮ್ಮ ಡಾಕ್ಟರಮ್ಮನ ಅಪ್ಪಣೆ," ಎಂದು ನಾಮಘರದಲ್ಲೆಲ್ಲ ಸಾರಿಕೊಂಡು ಬಂದಿದ್ದಳು.

ಹಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ತೊರಾಲಿ ಒಸಡು ಕೊಡುವವರ ಅರ್ಜಿ ಬಿಡಿಸಿದಳು.

"ತಾಮೂಲ್ ತಿನ್ನೋ ಅಭ್ಯಾಸ ಇದೆಯಾ ಅಂತ ಬರೀಬೇಕು, ಪೇಹಿ."

"ಅಭ್ಯಾಸ ಎಲ್ಲಿಂದ ಬಂತು ಮಾಜೊನಿ? ಮನೇಲಿ ಮುಟ್ಟೋದೇ ಇಲ್ಲ. ನಾಮ ಹಾಡಿ ಮುಗಿದ ಮೇಲೆ ಒಂದು. ಯಾರ ಮನೆಗಾದರೂ ಹೋದರೆ ಒಂದು. ಮುಂದೆ ಹಿಡಿದ ತಟ್ಟೇನ ಬೇಡ ಅನ್ನೋಕಾಗತ್ತಾ? ಅದು ತಿನ್ನೋದಲ್ಲ, ಮರ್ಯಾದೆ."

"ವಾರಕ್ಕೆ ಎಷ್ಟು ಮನೆಗೆ ಹೋಗ್ತೀಯ?"

"ಮನುಷ್ಯರ ಜೊತೆ ಬಾಳ್ಬೇಕಲ್ಲ!"

ತೊರಾಲಿ ನಕ್ಕಳು. ನಗುತ್ತಲೇ 'ಇಲ್ಲ' ಎಂಬುದರ ಮುಂದೆ ಗುರುತು ಹಾಕಿದಳು.

"ನನ್ನ ಬಾಯಲ್ಲಿ ಏನು ಹುಡುಕ್ತೀಯ?"

"ಒಂದು ಪ್ರೋಟೀನು. ಪಿ ಐವತ್ಮೂರು ಅಂತ."

"ಅಯ್ಯೋ ಪಾಪ, ಹೆಸರೂ ಇಟ್ಟಿಲ್ವಾ? ಬರೀ ನಂಬರಾ?"

"ಕಾವಲುಗಾರ ಅಂದುಕೋ. ಒಂದೊಂದು ಜೀವಕೋಶದಲ್ಲೂ ಇರ್ತಾನೆ. ಕೋಶ ಕೆಟ್ಟು ಅಡ್ಡಾದಿಡ್ಡಿ ಬೆಳೆಯೋಕೆ ಹೊರಟರೆ 'ನಿಲ್ಲು' ಅಂತಾನೆ. ರಿಪೇರಿ ಆದರೆ ಸರಿ, ಆಗದಿದ್ದರೆ 'ಸಾಯಿ' ಅಂತಾನೆ. ಕೆಲಸ ಮುಗಿದದ್ದೇ ಮಾಯ. ಅದಕ್ಕೇ ಒಳ್ಳೇ ಬಾಯಲ್ಲಿ ಬಣ್ಣ ಹಾಕಿ ನೋಡಿದರೂ ಅವನು ಕಾಣೋದು ಅಪರೂಪ."

"ಕಂಡರೆ?"

"ಬೇಕಾದಷ್ಟು ಕಂಡರೆ ಅವನೇ ಕೆಟ್ಟಿದ್ದಾನೆ ಅಂತ. ಕೆಲಸಾನೂ ಇಲ್ಲ, ಹೋಗೋದೂ ಇಲ್ಲ. ಒಳಗೇ ಗುಡ್ಡೆ ಬಿದ್ದಿರ್ತಾನೆ, ಕಂದು ಬಣ್ಣಕ್ಕೆ."

"ನಮ್ಮ ಬೀದಿ ಕೊನೇ ಅಪಾರ್ಟ್‌ಮೆಂಟಿನವನ ಹಾಗೆ!" ಪೇಹಿ ಬಾತ ಕೆನ್ನೆ ಹಿಡಿದುಕೊಂಡು ನಕ್ಕಳು. "ಯಾವಾಗ ನೋಡು, ಕುರ್ಚಿ ಬಿಟ್ಟು ಏಳಲ್ಲ. ಹೋದ ತಿಂಗಳು ಅವನ ಎದುರಿಗೇ ಸೈಕಲ್ಲು ಹೋಯ್ತು."

ಹತ್ತು ದಿನಗಳ ಮೇಲೆ ತೊರಾಲಿ ಇಪ್ಪತ್ತನೆಯ ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಹತ್ತೊಂಬತ್ತು ಬಾಯಿಗಳು ನೀಲಿ ಚುಕ್ಕೆಗಳಾಗಿ ತಣ್ಣಗೆ ಹರಡಿಕೊಂಡಿದ್ದವು. ಇದರಲ್ಲಿ ಮಾತ್ರ ತಳದ ಸಾಲಿನಿಂದ ಮೇಲಕ್ಕೆ ಹತ್ತುತ್ತ ಕಂದು, ಮತ್ತೆ ಕಂದು, ಯಾರೋ ರಾಗಿ ಚೆಲ್ಲಿದ ಹಾಗೆ.

"ಬಣ್ಣದಲ್ಲಿ ಜಾಸ್ತಿ ಹೊತ್ತು ಬಿಟ್ಟಿದ್ದೀಯ," ಎಂದ ಬಿಪುಲ್ ದಾ. "ಇನ್ನೊಂದು ಸಲ ಮಾಡು."

ಮಾಡಿದಳು. ಅದೇ ಬಣ್ಣದಲ್ಲಿ ಅಷ್ಟೇ ಹೊತ್ತು ಅದ್ದಿದ ಉಳಿದವು ನೀಲಿಯಾಗೇ ಬಂದವು. ಇಪ್ಪತ್ತನೆಯದು ಮತ್ತೆ ಕಂದು.

ಬಣ್ಣದ ತಪ್ಪಲ್ಲವೆಂದು ಅವಳಿಗೆ ಆ ಗಳಿಗೆಯಲ್ಲೇ ಗೊತ್ತಾಯಿತು. ಆದರೆ ಹೇಳುವುದು ಹೇಗೆ? ಗುರುಗಳಾದ ಫುಕನ್ ಸರ್ ಅರ್ಜಿ ತೆಗೆದು ನೋಡುತ್ತಾರೆ. 'ಇಲ್ಲ' ಎಂದಿರುವುದು ಇವಳದೇ ಕೈಬರಹ. ಸೋಮವಾರ ವರದಿ ಹೋಗಬೇಕು. ಕಂದು ಬಂದ ಮಾತ್ರಕ್ಕೆ ಕ್ಯಾನ್ಸರ್ ಬಂದೇ ಬರುತ್ತದೆಂದಿಲ್ಲ, ಎಷ್ಟೋ ಜನರಲ್ಲಿ ಅಷ್ಟಕ್ಕೇ ನಿಲ್ಲುತ್ತದೆ. ಇದು ಸುಳ್ಳೇನಲ್ಲ. ಆ ನಿಜದ ಸೆರಗಿನಲ್ಲೇ ಅವಳು ಮುಖ ಮುಚ್ಚಿಕೊಂಡಳು. 'ಬಣ್ಣ ಸರಿಯಾಗಿ ಹಿಡಿದಿಲ್ಲ, ಕೈಬಿಡಲಾಗಿದೆ' ಎಂದು ಬರೆದಳು. ತೇಜಪುರದಿಂದ ಹಲ್ಲು ಕೀಳಿಸಲು ಬಂದಿದ್ದ, ತಾಮೂಲ್ ಮುಟ್ಟದ ಒಬ್ಬ ಮೇಷ್ಟ್ರು ಇಪ್ಪತ್ತನೆಯ ಬಾಯಿಯಾದರು.

ಸಂಜೆ ಪೇಹಿ ನಾಮಘರಕ್ಕೆ ಹೊರಟು ನಿಂತಿದ್ದಳು.

"ಏನಂದ ನಮ್ಮ ಕಾವಲುಗಾರ?"

"ಕಾಣಿಸಲೇ ಇಲ್ಲ, ಪೇಹಿ."

"ದುಡಿಯೋನು ಹಾಗಾದರೆ," ಎಂದು ಉಟ್ಟ ಮೇಖಲಾ-ಚಾದರದ ಸೆರಗು ಸರಿಮಾಡಿಕೊಂಡು ಹೊರಟಳು.

ಕಥೆಯಲ್ಲಾಗಿದ್ದರೆ ತೊರಾಲಿ ಆ ಹೊಸ್ತಿಲಲ್ಲೇ ಕಲ್ಲಾಗಬೇಕಿತ್ತು. ಆಗಲಿಲ್ಲ. ಪೇಹಿ ಹಾಡಿ ಬಂದು ಬಡಿಸಿದ ಹುಳಿಮೀನಿನ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡಳು. ಪೇಹಿಯ ತುಟಿ ಕೆಂಪಗಿತ್ತು.

ನಾಳೆ ಹೇಳಿದರಾಯಿತು, ಬಿಹು ಹಬ್ಬ ಕಳೆಯಲಿ, ಪದವಿ ಸಿಗಲಿ ಎಂದುಕೊಳ್ಳುತ್ತ ಎರಡೂವರೆ ವರ್ಷ ಹೋಯಿತು. ಹೇಳದೆ ಉಳಿದ ಮಾತು ದಿನಕ್ಕಿಷ್ಟು ಭಾರವಾಗುತ್ತದೆ. ಕೊನೆಗೆ ಎತ್ತಲೇ ಆಗುವುದಿಲ್ಲ. ಆ ಸಲದ ಬೋಹಾಗ್ ಬಿಹುವಿನಲ್ಲಿ ಪೇಹಿ ಹಬ್ಬದ ಎಳ್ಳಿನ ಕಡುಬು ಪಿಠಾದ ಒಂದು ತುಂಡು ಬಾಯಿಗಿಟ್ಟು ತೆಗೆದಳು. "ಕೆನ್ನೆ ಒಳಗೆ ಯಾರೋ ಕೆಂಡ ಇಟ್ಟ ಹಾಗಿದೆ ಮಾಜೊನಿ." ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ. ಕಿತ್ತ ಹಲ್ಲಿನ ಪಕ್ಕದಲ್ಲೇ ಹುಣ್ಣು.

ಎಡ ದವಡೆ, ಕೆನ್ನೆ, ನಾಲಿಗೆಯ ಒಂದು ಪಾಲು ತೆಗೆಯಬೇಕು ಎಂದರು ಆಸ್ಪತ್ರೆಯಲ್ಲಿ. ಮಾತು ಬರಬಹುದು. ಹಾಡಿನ ಆಸೆ ಇಟ್ಟುಕೊಳ್ಳಬೇಡಿ ಎಂದರು.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಮಧ್ಯಾಹ್ನ ತೊರಾಲಿ ಪ್ರಯೋಗಾಲಯದ ಹಳೆಯ ಸ್ಲೈಡುಗಳ ತಟ್ಟೆಯಿಂದ ಆ ಸ್ಲೈಡ್ ತೆಗೆದು ತಂದಳು. ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಎಲ್ಲವನ್ನೂ ಹೇಳಿದಳು: ಅರ್ಜಿಯ 'ಇಲ್ಲ'ದಿಂದ ಹಿಡಿದು ಮೇಷ್ಟ್ರವರೆಗೆ.

ಪೇಹಿ ಸ್ಲೈಡನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು. "ಇದರಲ್ಲಿ ನಾನಿದೀನಾ?"

"ಹೂಂ."

"ಅವತ್ತು ಕಾಣಿಸಲಿಲ್ಲ ಅಂದೆ."

"ಕಂಡಿದ್ದ, ಪೇಹಿ. ತುಂಬಾ ಕಂಡಿದ್ದ."

ಪೇಹಿ ಸ್ಲೈಡನ್ನು ದಿಂಬಿನ ಪಕ್ಕ ಮೆಲ್ಲಗೆ ಇಟ್ಟಳು. ಆಮೇಲೆ ಅರ್ಧ ತೆರೆದ ಬಾಯಿಂದ ಒಂದೊಂದೇ ಮಾತು ಹೊರಬಂತು.

"ಹೇಳಿದ್ದರೆ ಮಾತ್ರ ಬಿಟ್ಟುಬಿಡ್ತಿದ್ದೆನಾ? ನಿನ್ನ ಮಾತು ನಾನು ಯಾವತ್ತು ಕೇಳಿದೀನಿ? ದೊಡ್ಡ ಡಾಕ್ಟರು ಇವಳು! ಮೂಗು ಒರೆಸಿಕೋ, ಪಕ್ಕದ ಮಂಚದವರು ನೋಡ್ತಿದಾರೆ."

ತೊರಾಲಿ ಒರೆಸಿಕೊಂಡಳು. ಅಷ್ಟರಲ್ಲಿ ಆಯಾ ಎಲ್ಲ ಮಂಚಗಳಿಗೂ ಚಹಾ ಕೊಡುತ್ತ ಬಂದಳು. ಪೇಹಿ ಲೋಟವನ್ನು ಬಲ ತುಟಿಯ ಅಂಚಿಗೆ ಒತ್ತಿ ಒಂದು ಗುಟುಕು ಹೀರಿದಳು. ತಟ್ಟನೆ ಮುಖ ಹಿಂದಕ್ಕೆ ತೆಗೆದು ಲೋಟ ಚಾಚಿದಳು.

"ಮಾಜೊನಿ, ಇದಕ್ಕೆ ಸಕ್ಕರೆ ಹಾಕಿದಾರೆ. ಬೇರೆ ತಾ."

ತೊರಾಲಿ ಲೋಟ ಇಸಿದುಕೊಂಡಳು. ಕಾಲು ಮಾತ್ರ ಮುಂದಕ್ಕೆ ಬರಲಿಲ್ಲ.