ದೂರದ ಡಾಕ್ಟರರ ಕಣ್ಣು ನಾನು

ನಾನು ಒಂದು ಕ್ಯಾಮೆರಾ. ಮದುವೆಮನೆಯಲ್ಲಿ ಹಲ್ಲು ಕಿರಿಯುವವರನ್ನು ಹಿಡಿಯುವ ಜಾತಿಯಲ್ಲ. ಕಾರ್ಖಾನೆಯಲ್ಲಿ ನನ್ನನ್ನು ಒಂದು ಪರದೆಯ ನೆತ್ತಿಗೆ ಬಿಗಿದು, ಕೆಳಗೆ ಗಾಲಿ ಜೋಡಿಸಿ, ಗದಗ ಸೀಮೆಯ ಒಂದು ಸಣ್ಣ ಆಸ್ಪತ್ರೆಗೆ ಕಳಿಸಿದರು. ಬಂದ ದಿನ ಪೂಜೆ ಮಾಡಿ, ಸರಿಯಾಗಿ ನನ್ನ ಕಣ್ಣಿಗೇ ಕುಂಕುಮ ಮೆತ್ತಿದರು! ಸಿಸ್ಟರ್ ರೆಬೆಕ್ಕಾ ಒರೆಸಿದ್ದಕ್ಕೆ ಬದುಕಿದೆ.

ಲಕ್ವಾ ಹೊಡೆದವರು ಬಂದರೆ ನನ್ನನ್ನು ಮಂಚದ ಬಳಿಗೆ ದೂಡಿ ತರುತ್ತಿದ್ದರು. ಹುಬ್ಬಳ್ಳಿಯಲ್ಲಿ ಕುಳಿತ ಮೆದುಳಿನ ಡಾಕ್ಟರು ಸುಲೋಚನಾ ಮೇಡಂ ನನ್ನ ಕಣ್ಣಿನಿಂದ ನೋಡಿ, ಪರದೆಯಿಂದ ಮಾತಾಡುತ್ತಿದ್ದರು. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಹುಬ್ಬಳ್ಳಿಗೆ ಒಯ್ಯುತ್ತ ಕೂತರೆ ಕೆಲಸ ಕೆಟ್ಟಂತೆಯೇ.

ಒಂದು ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಫಕ್ಕೀರವ್ವನನ್ನು ಗಂಡ ಮುದುಕಪ್ಪ ಎತ್ತಿಕೊಂಡು ಬಂದ. ಆಕೆಯ ಬಾಯಿ ಸೊಟ್ಟಗಾಗಿತ್ತು, ಬಲಗೈ ಜೋತುಬಿದ್ದಿತ್ತು. ಸ್ಕ್ಯಾನ್ ಆಯಿತು, ಮೆದುಳಿನಲ್ಲಿ ರಕ್ತಸ್ರಾವವಿರಲಿಲ್ಲ. ರೆಬೆಕ್ಕಾ ಇಂಜೆಕ್ಷನ್ ಸಿದ್ಧಮಾಡಿ ಆಕೆಯನ್ನು ಮಗ್ಗುಲಾಗಿಸಿದಳು.

"ತಡೀರಿ," ಎಂದರು ಡಾಕ್ಟರು. "ಕುತ್ತಿಗಿ ಹಿಂದ ರಕ್ತ ಐತಲ್ಲ? ಬಿದ್ದು ತಲಿಗೆ ಪೆಟ್ಟಾತೇನ್ರೀ?"

"ಇಲ್ರೀ," ಎಂದ ಮುದುಕಪ್ಪ.

"ಮತ್ತ ರಕ್ತ ಎಲ್ಲಿಂದ ಬಂತು?"

ಮುದುಕಪ್ಪ ನೆಲ ನೋಡಿದ. ರೆಬೆಕ್ಕಾ ಒರೆಸಿ ನೋಡಿದಳು, ಗಾಯ ಕಾಣಲಿಲ್ಲ. ಒಳಗೆಲ್ಲೋ ಪೆಟ್ಟಾಗಿ ರಕ್ತ ಸುರಿದಿದ್ದರೆ ಆ ಇಂಜೆಕ್ಷನ್ನೇ ಆಕೆಯ ಪ್ರಾಣ ತೆಗೆಯಬಹುದಿತ್ತು. ಕೊಡದಿದ್ದರೆ ರೊಟ್ಟಿ ಬಡಿಯುವ ಕೈ ಹೋಗುತ್ತಿತ್ತು. ಹೊತ್ತು ಜಾರುತ್ತಿತ್ತು. ಬಾಯಿ ಬಿಡೋ ಪುಣ್ಯಾತ್ಮ ಎಂದು ಕೂಗಬೇಕೆನಿಸಿತು, ಆದರೆ ನನಗೆ ದೇವರು ಕೊಟ್ಟದ್ದು ಕಣ್ಣು ಮಾತ್ರ.

ಡಾಕ್ಟರು ಅಲ್ಲಿಂದಲೇ ನನ್ನ ನೋಟವನ್ನು ಹತ್ತಿರಕ್ಕೆಳೆದರು. ಹೆರಳಿನ ಬುಡದಲ್ಲಿ ಬೂದುಬಣ್ಣದ ಸಣ್ಣ ಪುಕ್ಕವೊಂದು ಅಂಟಿಕೊಂಡಿತ್ತು.

"ಯಜಮಾನ್ರ, ಲಕ್ವಾಕ್ಕಂತ ಪಾರಿವಾಳದ ರಕ್ತ ಹಚ್ಚಿಸ್ಕೊಂಡು ಬಂದೀರೇನು?"

ಮುದುಕಪ್ಪ ಹೆಂಡತಿಯ ಮಂಚಕ್ಕೆ ಅಡ್ಡ ನಿಂತ. ಹೀಗೆ ಹಚ್ಚಿಸಿಕೊಂಡು ಬಂದವರನ್ನು ಡಾಕ್ಟರು ಬೈದು ಹೊರಗೆ ಹಾಕುತ್ತಾರೆ ಎಂದು ಅವನ ಓಣಿಯಲ್ಲಿ ಹೇಳಿದ್ದರು.

"ಅಂಜಬ್ಯಾಡ್ರಿ. ನಮ್ಮವ್ವಗ ಲಕ್ವಾ ಹೊಡದಾಗ ನಾವೂ ಹಚ್ಚಿಸಿದ್ವಿ."

ಅವನು ತಲೆ ಎತ್ತಿದ. "ಹೌದ್ರೀ. ಮುಂಜಾನಿ ಹನ್ನೊಂದಕ್ಕ ರೊಟ್ಟಿ ಬಡ್ಯಾಕತ್ತಿದ್ಲು, ಹಂಗ ವಾಲಿದ್ಲು. ಬೀಳಾಕ ಬಿಟ್ಟಿಲ್ರೀ, ನಾನ ಹಿಡಕೊಂಡೇನಿ. ಮೊದ್ಲ ನಾಟಿ ಔಷಧದವ್ರ ಕಡೆ ಒಯ್ದೆ. ಅಲ್ಲೇ ಎರಡು ತಾಸು ಹೋತ್ರೀ."

"ಇನ್ನೂ ಟೈಮ್ ಐತಿ. ಸಿಸ್ಟರ್, ಬಾಯಿ, ಕಿವಿ ಒಳಗ ರಕ್ತ ಐತೇನ ನೋಡ್ರಿ."

"ಏನೂ ಇಲ್ಲ ಮೇಡಂ."

"ಕೊಡ್ರಿ."

ಔಷಧ ಒಳಗೆ ಇಳಿಯತೊಡಗಿತು. ಮುದುಕಪ್ಪ ಪರದೆಗೆ ಕೈಮುಗಿದ. "ನಿಮ್ಮವ್ವಾರು ಆರಾಮಾದ್ರೇನ್ರೀ?"

"ನಮ್ಮವ್ವನ ಮಾತು ಆಮ್ಯಾಲ, ಮೊದ್ಲ ಇವರ ಕೈ ನೋಡೂಣ್ರಿ," ಎಂದರು ಡಾಕ್ಟರು. ಸ್ವಲ್ಪ ಹೊತ್ತಿಗೊಮ್ಮೆ, "ಫಕ್ಕೀರವ್ವಾ, ಕೈ ಎತ್ರಿ," ಎನ್ನುತ್ತಿದ್ದರು. ಎಡಗೈ ಏಳುತ್ತಿತ್ತು, ಬಲಗೈ ಕದಲುತ್ತಿರಲಿಲ್ಲ. ಔಷಧ ಮುಗಿದು ಎಷ್ಟೋ ಹೊತ್ತಾದ ಮೇಲೆ ಬೆರಳು ಅಲುಗಿತು. ಆಮೇಲೆ ಕೈ ನಿಧಾನವಾಗಿ ಎದ್ದು ಗಂಡನ ಅಂಗಿ ಹಿಡಿಯಿತು.

"ನಾದಿದ ಹಿಟ್ಟು ಹಂಗ ಐತಲ್ರೀ," ಎಂದಳು ತೊದಲುತ್ತ. ಮುದುಕಪ್ಪ ನಗುತ್ತಲೇ ಅತ್ತ.

ಈಗ ನನಗೆ ವಯಸ್ಸಾಯಿತು. ಉಗ್ರಾಣದಲ್ಲಿ ಮುರಿದ ಸ್ಟ್ರೆಚರಿನ ಪಕ್ಕ ನಿಂತಿದ್ದೇನೆ. ನನ್ನ ಜಾಗಕ್ಕೆ ಹೊಸ ಕ್ಯಾಮೆರಾ ಬಂದಿದೆ, ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳು. ಎಷ್ಟೋ ಮುಖಗಳನ್ನು ನೋಡಿದೆ. ಪರದೆ ನನ್ನ ಕೆಳಗೇ ಇದ್ದುದರಿಂದ ಡಾಕ್ಟರರ ಮುಖವನ್ನು ಮಾತ್ರ ಒಮ್ಮೆಯೂ ನೋಡಲಿಲ್ಲ. ಅಂದು ಎಲ್ಲರೂ ಫಕ್ಕೀರವ್ವನನ್ನು ಸುತ್ತುವರಿದಿದ್ದಾಗ ರೆಬೆಕ್ಕಾ ನನ್ನನ್ನು ಬಂದ್ ಮಾಡಲು ಬಂದಳು. ಪರದೆ ನೋಡಿ, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ನನ್ನನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿ, "ಇಲ್ಲಿ ಯಾರೂ ನೋಡೂದಿಲ್ಲ, ಅತ್ತುಬಿಡ್ರಿ ಮೇಡಂ," ಎಂದಳು.