ಹುಳದ ಮನೆಯ ಯಜಮಾನಿ

ದೇವಲಾಪುರದ ಪುಟ್ಟತಾಯಮ್ಮನ ಮನೆಯಲ್ಲಿ ಆ ಸಲವೂ ರೇಷ್ಮೆ ಹುಳ ಸತ್ತವು. ತೊಂಬತ್ತಾರನೇ ಇಸವಿಯ ಮಾತು. ಗೂಡು ಕಟ್ಟೋ ಹೊತ್ತಿಗೆ ಸರಿಯಾಗಿ ಮೈ ಊದಿಸಿಕೊಂಡು, ಹಾಲಿನಂಥ ನೀರು ಸೋರಿಸಿಕೊಂಡು, ತಟ್ಟೆ ತುಂಬ ಬಿದ್ದಿದ್ದವು. ಹಿಪ್ಪುನೇರಳೆ ಹಾಕಿದ ಯಾರನ್ನ ಕೇಳಿದರೂ ಈ ಗೋಳು ಗೊತ್ತು.

"ಅದ್ಯಾರ ಕಣ್ಣು ಬಿತ್ತೋ, ಅವ್ರ ಕಣ್ಣು ಇಂಗೋಗ!" ಅಂತ ಪುಟ್ಟತಾಯಮ್ಮ ಸತ್ತ ಹುಳ ತಿಪ್ಪೆಗೆ ಸುರಿದು ಬಂದಳು. ಪಾಪ, ಬಾಗಿಲಿಗೆ ಬೂದಗುಂಬಳ ಕಟ್ಟಿದ್ದಳು, ಹಳೇ ಎಕ್ಕಡ ನೇತುಹಾಕಿದ್ದಳು. ಹೊರಗಿನವರನ್ನ ಹುಳದ ಮನೆ ಹೊಸಲು ದಾಟೋಕೆ ಬಿಟ್ಟವಳೇ ಅಲ್ಲ. ಇನ್ನೇನು ಮಾಡಬೇಕಿತ್ತು, ನೀವೇ ಹೇಳಿ?

ಸೊಸೆ ಸುಧ ಮೆಲ್ಲಗೆ ಬಾಯಿಬಿಟ್ಟಳು. "ಅತ್ತೆ, ಪಾಂಡವಪುರದಲ್ಲಿ ಎಣ್ಮಕ್ಕಳಿಗೇ ಅಂತ ತರಬೇತಿ ಮಾಡ್ತಾವ್ರಂತೆ. ಮೊಟ್ಟೆ ಒಡ್ದ ಮರಿ ಉಳನ ಎರಡನೇ ಜ್ವರದ ಗಂಟ ಸಾಕಿ, ರೈತ್ರಿಗೆ ಮಾರೋದು ಕಲಿಸ್ತಾರಂತೆ. ಚಾಕಿ ಅಂತಾರೆ. ನಾನೂ ಓಯ್ತೀನಿ."

ಹುಳ ಪೊರೆ ಬಿಡೋದಕ್ಕೆ ನಮ್ಮ ಕಡೆ ಜ್ವರ ಅಂತಲೇ ಹೆಸರು. ಆ ಎಳೇ ವಯಸ್ಸಲ್ಲಿ ಹುಳ ಗಟ್ಟಿಯಾದರೆ ಬೆಳೆ ಅರ್ಧ ಗೆದ್ದ ಹಾಗೆ.

"ಲಗ್ನ ಆಗಿ ಬಂದಾಗಿಂದ ಉಳ ಸಾಕ್ತಾ ಇವ್ನಿ. ನಂಗೆ ಗೊತ್ತಿಲ್ದಿದ್ದು ಅವ್ರೇನು ಯೋಳ್ಕೊಟ್ಟಾರು? ನೀನು ಬಸ್ಸು ಅತ್ಕಂಡೋದ್ರೆ ಸೊಪ್ಪು ಕುಯ್ಯೋರ್ಯಾರು?"

"ನಾನ್ ಕುಯ್ತೀನಿ ಬುಡವ್ವ," ಅಂದ ಮಗ ದೇವರಾಜು.

ಪುಟ್ಟತಾಯಮ್ಮ ಗೊಣಗಿದಳು, ಆದರೆ ಸೊಸೆ ಹೊರಟ ದಿನ ರೊಟ್ಟಿ ಕಟ್ಟಿಕೊಟ್ಟವಳೂ ಅವಳೇ. ಬಾಯಿ ಜೋರು, ಕರುಳು ಮೆತ್ತಗೆ!

ಸುಧ ಕಲಿತು ಬಂದಳು. ಎಳೇ ಸೊಪ್ಪನ್ನ ಸಣ್ಣಗೆ ಹೆಚ್ಚೋದು, ಕೋಣೆಯಲ್ಲಿ ಹದವಾಗಿ ಬಿಸಿ, ತೇವ ಇಡೋದು, ಎಲ್ಲ ಬಂತು. ಮನೆಗೆ ಬಂದು ಒಬ್ಬಳೇ ಮಾಡಬೇಕಾದಾಗ ಮಾತ್ರ ಧೈರ್ಯ ಸಾಲಲಿಲ್ಲ. ಅದಕ್ಕೇ ಅಂತಲೇ ತರಬೇತಿಯವರು ಒಬ್ಬೊಬ್ಬಳಿಗೆ ಒಬ್ಬ ಅನುಭವಸ್ಥೆಯನ್ನ ಜೊತೆಮಾಡಿದ್ದರು. ಸುಧಳಿಗೆ ಸಿಕ್ಕವಳು ಕೆ.ಆರ್. ಪೇಟೆ ಕಡೆಯ ಪ್ರೇಮಮ್ಮ. ಸ್ವಂತ ಚಾಕಿ ಮನೆ ನಡೆಸುವವಳು. ಮೊದಲು ಸುಧಳನ್ನ ತನ್ನ ಮನೆಗೇ ಕರೆಸಿಕೊಂಡು, ಒಂದು ಬೆಳೆ ಪೂರ್ತಿ ಜೊತೆಯಲ್ಲೇ ಮಾಡಿಸಿದಳು. ಆಮೇಲೆ ಒಂದು ದಿನ ತಾನೇ ದೇವಲಾಪುರಕ್ಕೆ ಬಂದಳು.

ಪುಟ್ಟತಾಯಮ್ಮ ಹುಳದ ಮನೆ ಬಾಗಿಲಿಗೆ ಅಡ್ಡ ನಿಂತುಬಿಟ್ಟಳು. ಗುರುತು ಪರಿಚಯ ಇಲ್ಲದವಳ ಕಣ್ಣು ಬಿದ್ದರೆ?

"ನಾನು ಒಳಕ್ಕೆ ಬರಾಕಿಲ್ಲ ಕಣವ್ವ," ಅಂದಳು ಪ್ರೇಮಮ್ಮ. "ಬೆಳಗ್ಗೆ ನಮ್ಮ ಉಳದ ಮನೇಲಿದ್ದೆ. ನನ್ನ ಸೀರೇಲಿ ಯಾವ ರೋಗ ಅಂಟೈತೋ ಏನೋ."

ಅಯ್ಯೋ, ಹೊಸಲು ದಾಟಬಾರದು ಅನ್ನೋದು ಇವಳಿಗೂ ಗೊತ್ತು, ನಮ್ಮ ಪೈಕಿಯೋಳೇ! ಪುಟ್ಟತಾಯಮ್ಮ ಖುಷಿಯಾಗಿ ಜಗಲಿ ಮೇಲೆ ಕೂರಿಸಿ ಕಾಫಿ ಕೊಟ್ಟಳು.

"ಅವ್ವ, ಬೆಳಗಿಂದ ಎಲ್ಲೆಲ್ಲಿ ಓಗಿದ್ರಿ?" ಅಂತ ಕೇಳಿದಳು ಪ್ರೇಮಮ್ಮ.

"ನಾನೆಲ್ಲಿ ಓಗ್ಲವ್ವ? ಆಚೆ ಬೀದೀಲಿ ನನ್ನ ತಮ್ಮ ಚಿಕ್ಕಸ್ವಾಮಿ ಅವ್ನೆ. ಅವ್ನ ಎಂಡ್ತಿಗೆ ಸೊಂಟ ನೋವು. ಓದ ಬೆಳೇಯಿಂದ್ಲೂ ದಿನಾ ಓಗಿ ಅವ್ರ ಉಳಕ್ಕೆ ಸೊಪ್ಪಾಕಿ ಬತ್ತೀನಿ."

"ಬಂದು ಸೀರೆ ಬದಲಾಯಿಸ್ತೀರಾ?"

"ತಮ್ಮನ ಮನೆ ಕಣವ್ವ! ಅಲ್ಲೇನು ಮೈಲಿಗೆ?"

"ಓದ ಸಲ ಅವ್ರ ಉಳ ಎಂಗಾದ್ವು?"

ಪುಟ್ಟತಾಯಮ್ಮ ತನ್ನ ಕೈ ನೋಡಿಕೊಂಡಳು. ಆ ಸಲ ತಮ್ಮನ ಮನೆಯಲ್ಲೂ ಹುಳ ಹಾಗೇ ಸತ್ತಿದ್ದವು. ಅವಳ ಮನೆಗಿಂತ ಮುಂಚೆಯೇ.

"ನಾನೇ ತಂದ್ನಾ? ಈ ಕೈಲೇ?" ಅಂತ ಕಣ್ಣೀರು ಹಾಕಿದಳು.

ಪ್ರೇಮಮ್ಮ ಆ ಕೈ ಹಿಡಿದುಕೊಂಡಳು. "ಅಳಬ್ಯಾಡಿ ಕಣವ್ವ. ನೀವು ಅಕ್ಕರೇಲಿ ಓದ್ರಿ. ರೋಗಕ್ಕೆ ನೆಂಟಸ್ತನ ಗೊತ್ತಾಯ್ತದಾ? ತಮ್ಮನ ಮನೇಗೆ ಓಗಿ, ಬ್ಯಾಡ ಅನ್ನಕಿಲ್ಲ. ಬಂದು ಸ್ನಾನ ಮಾಡಿ, ಸೀರೆ ಬದಲಾಯಿಸಿ, ಆಮೇಲೆ ಉಳ ಮುಟ್ಟಿ. ಸತ್ತ ಉಳ ತಿಪ್ಪೆಗಾಕಬ್ಯಾಡಿ, ಸುಟ್ಟಾಕಿ."

ಅವತ್ತಿಂದ ಮನೆಯೇ ಬೇರೆಯಾಯಿತು. ಗೋಡೆ, ತಟ್ಟೆ ಎಲ್ಲಕ್ಕೂ ಬ್ಲೀಚಿಂಗ್ ಪುಡಿ ನೀರು ಬಿತ್ತು. ಪ್ರೇಮಮ್ಮ ವಾರಕ್ಕೊಮ್ಮೆ ಬಸ್ಸಿಳಿದು ಬರೋಳು. ಹುಳದ ವಿಷಯ ಮಾತ್ರ ಅಲ್ಲ, ವ್ಯಾಪಾರನೂ ಕಲಿಸಿದಳು. "ನೆಂಟ್ರು ಅಂತ ಪುಗಸಟ್ಟೆ ಕೊಡಬ್ಯಾಡ ಸುಧ. ನಿನ್ನ ದುಡಿಮೇಗೂ ಬೆಲೆ ಐತೆ," ಅನ್ನೋಳು. ಸುಧ ಮೊದಲ ಚಾಕಿ ಇಟ್ಟಳು. ಪಕ್ಕದ ಮನೆಯ ಚಿಕ್ಕಬೋರಮ್ಮ ಮೊದಲಾಗಿ ಊರಿನ ಒಂದಷ್ಟು ಮನೆಯವರು ಮರಿ ಹುಳ ಕೊಳ್ಳೋಕೆ ಒಪ್ಪಿದರು. ಈ ಸಲ ಕೆಟ್ಟರೆ ಮಾತ್ರ ಮುಗೀತು. ಆಮೇಲೆ ಯಾರೂ ಅವಳ ಹುಳ ಕೊಳ್ಳೋದಿಲ್ಲ.

ಹುಳ ಎರಡನೇ ಜ್ವರಕ್ಕೆ ಕೂತಿದ್ದ ದಿನ ಚಿಕ್ಕಸ್ವಾಮಿ ತನ್ನ ಹುಳದ ಮನೆಯಿಂದ ನೆಟ್ಟಗೆ ಇಲ್ಲಿಗೇ ಬಂದ. "ಅಕ್ಕಾ, ಸೊಸೆ ಮರಿ ಉಳ ಎಂಗ್ ಸಾಕವ್ಳೆ ನೋಡಾಣ!" ಅಂತ ಹೊಸಲ ಮೇಲೆ ಕಾಲಿಟ್ಟೇಬಿಟ್ಟ. ಒಳಗಿದ್ದ ಸುಧ ಬಾಗಿಲ ಕಡೆ ತಿರುಗಿದಳು. ಅತ್ತೆಯ ತಮ್ಮನಿಗೆ, ಹಿರಿಯರಿಗೆ, ಬರಬೇಡಿ ಅನ್ನೋದು ಹೇಗೆ?

ಅಷ್ಟರಲ್ಲಿ ಪುಟ್ಟತಾಯಮ್ಮ ಓಡಿ ಬಂದು ಬಾಗಿಲಿಗೆ ಕೈ ಅಡ್ಡ ಹಾಕಿದಳು.

"ಲೇ, ನಿಂತ್ಕಳ್ಲಾ ಅಲ್ಲೇ!"

"ನಾನು ಕಣಕ್ಕ, ನಿನ್ ತಮ್ಮ!"

"ತಮ್ಮ ಆದ್ರೇನ್ಲಾ? ನಾನೇ ಸುಧನ್ನ ಕೇಳ್ಕಂಡು ಒಳಕ್ಕೋಯ್ತೀನಿ. ಈ ಉಳದ ಮನೆಗೆ ಅವ್ಳೇ ಯಜಮಾನಿ!"

ಚಿಕ್ಕಸ್ವಾಮಿ ಮುಖ ಊದಿಸಿಕೊಂಡು ಜಗಲಿ ಮೇಲೆ ಕೂತ. ಒಳಗೆ ಸುಧ ಸೆರಗು ಬಾಯಿಗಿಟ್ಟುಕೊಂಡು ಅತ್ತಳು, ಸಂತೋಷಕ್ಕೆ. ಮಾರನೇ ದಿನ ಹುಳ ಜ್ವರ ಬಿಟ್ಟು ಲವಲವಿಕೆಯಿಂದ ಎದ್ದವು. ಕೊಂಡೋರ ಮನೆಗಳಲ್ಲೆಲ್ಲ ಗಟ್ಟಿ ಗೂಡು ಕಟ್ಟಿದವು. ಮುಂದಿನ ಬೆಳೆಗೆ ಚಿಕ್ಕಸ್ವಾಮಿಯೂ ಬಂದ. ಜಗಲಿಯಲ್ಲೇ ನಿಂತು, ಮರ್ಯಾದೆಯಿಂದ ಕೇಳಿ, ಹುಳ ಕೊಂಡುಕೊಂಡು ಹೋದ.

ಅಕ್ಕತಂಗಿಯರೇ, ಅತ್ತೆಯರೇ, ಮನೆ ಗಂಡಸರೇ, ಹುಳವಿರಲಿ, ಹಾಲಿರಲಿ, ತರಕಾರಿಯಿರಲಿ, ನಿಮ್ಮ ಮನೆ ಹೆಣ್ಣುಮಕ್ಕಳು ದುಡಿಯುತ್ತಲೇ ಇದ್ದಾರೆ. ಆ ದುಡಿಮೆ ಅವರದೇ ಉದ್ಯೋಗ ಆಗಲಿ. ತರಬೇತಿ ಎಲ್ಲಿದೆ ಅಂತ ಇಲಾಖೆಯವರನ್ನೋ ಮಹಿಳಾ ಸಂಘದವರನ್ನೋ ಈ ವಾರವೇ ವಿಚಾರಿಸಿ, ಆ ಹೆಣ್ಣುಮಕ್ಕಳನ್ನ ಕಳಿಸಿ. ಮೊದಲ ಬೆಳೆ ಕೈಗೆ ಬರೋವರೆಗೂ ಪಕ್ಕದಲ್ಲಿ ನಿಲ್ಲೋ ಒಬ್ಬ ಅನುಭವಸ್ಥೆಯನ್ನ ಹುಡುಕಿಕೊಡಿ. ನೀವೇ ಕಲಿತವರಾದರೆ, ಹೊಸದಾಗಿ ಶುರುಮಾಡಿ ಹೆದರಿ ನಿಂತಿರೋ ಒಬ್ಬಳ ಮನೆಗೆ ನಾಳೆಯೇ ಹೋಗಿ ಬನ್ನಿ. ಅವಳು ನಿಮ್ಮನ್ನೇ ಕಾಯುತ್ತಿದ್ದಾಳೆ.