ಹಿತ್ತಲ ಒಗೆಯುವ ಕಲ್ಲು

"ಸರ್ಯಾಗಿ ಹಿಡ್ಕಳ್ರೋ! ಕಾಲ್ ಮೇಲೆ ಬುಟ್ಕಂಡೀರಾ!"

ಜುಂಜಪ್ಪ ಹಾರೆ ಕೊಟ್ಟು ಮೀಟುತ್ತಿದ್ದ. ಅವನ ಭಾವ ಪುಟ್ಟರಂಗಯ್ಯ ಮೇಷ್ಟ್ರ ಹೆಣವನ್ನು ಈಗಷ್ಟೇ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂರಿಸಿ ಮೀಯಿಸಿ, ಮುಂಬಾಗಿಲಿಗೆ ಒಯ್ದಿದ್ದರು. ಚಟ್ಟ ಎತ್ತುತ್ತಿದ್ದ ಹಾಗೇ ಹೆಣ ಮೀಯಿಸಿದ ಕಲ್ಲನ್ನು ಮಗುಚಿ ಹಾಕಬೇಕು. ಅದು ಅವರ ಕಡೆಯ ಪದ್ಧತಿ.

ನಿನ್ನೆ ಕುಣಿಗಲ್ ತಾಲ್ಲೂಕು ಕಚೇರಿಗೆ ಹೋಗಿ ಬಂದ ಮೇಷ್ಟ್ರು, "ಅಲ್ಲೂ ಇಲ್ಲ ಕಣೇ" ಎಂದು ಚಪ್ಪಲಿ ಬಿಡುತ್ತಲೇ ಕುಸಿದಿದ್ದರು. ಅಷ್ಟೇ. ಹೆಂಡತಿ ಶಶಿಕಲಾಗೆ ಇನ್ನೂ ಅಳುವೇ ಬಂದಿರಲಿಲ್ಲ, ಹಿತ್ತಲ ಬಾಗಿಲಲ್ಲಿ ಬೆಪ್ಪಾಗಿ ಕೂತಿದ್ದಳು.

"ಅತ್ಬುಡಮ್ಮಾ, ಎದೆ ಒಡ್ಕಂಡಾತು," ಎಂದರು ಮೇಷ್ಟ್ರ ಅಕ್ಕ ನರಸಿಂಹಮ್ಮ.

*

ಕುಂಪಣಿ ಸರ್ಕಾರ ಗುಬ್ಬಿ ಪೇಟೆಯ ವ್ಯಾಪಾರಕ್ಕೆ ಎಷ್ಟು ಸುಂಕ ಹಾಕುತ್ತಿತ್ತು? ಇಂಥ ಪ್ರಶ್ನೆಯಿಂದ ಅನ್ನ ಹುಟ್ಟುತ್ತದೆಯೇ! ಆದರೂ ಮೇಷ್ಟ್ರ ತಲೆ ತಿಂದದ್ದು ಅದೊಂದೇ. ಬೆಂಗಳೂರಿನ ಪತ್ರಾಗಾರವನ್ನೆಲ್ಲ ಜಾಲಾಡಿದ್ದರು. ಸುಂಕದ ದರ ಕೆತ್ತಿದ ಕಲ್ಲೊಂದು ಗುಬ್ಬಿಯಲ್ಲಿ ಇದ್ದೇ ಇತ್ತು ಎಂದು ತುಮಕೂರಿನ ಸಭೆಯೊಂದರಲ್ಲಿ ಹೇಳಿದಾಗ, "ಆಧಾರ ಎಲ್ಲಿ ಮೇಷ್ಟ್ರೇ? ಕತೆ ಹೇಳ್ಬೇಡಿ" ಎಂದು ಸಭೆಯಲ್ಲಿದ್ದವರು ನಕ್ಕುಬಿಟ್ಟಿದ್ದರು. ಅವತ್ತು ಮೇಷ್ಟ್ರು ಊಟ ಮಾಡಲಿಲ್ಲ.

ಉಪ್ಪಾರಹಳ್ಳಿಯ ಈ ಮನೆ ಕಟ್ಟಿಸುವಾಗ ಅವರಿಗೆ ಆ ಹುಚ್ಚು ಹತ್ತಿರಲಿಲ್ಲ. ಗುಬ್ಬಿಯಲ್ಲಿ ಹಳೇ ಕಟ್ಟಡ ಕೆಡವಿದ ಕಡೆಯಿಂದ ಒಗೆಯುವ ಕಲ್ಲಿಗೆಂದು ಚಪ್ಪಡಿಯೊಂದನ್ನು ತಂದಿದ್ದರು. ಒಂದು ಮುಖಕ್ಕೆ ದಪ್ಪಗೆ ಗಾರೆ ಮೆತ್ತಿತ್ತು. "ಈ ಕಡೆ ಒರಟು, ನಿನ್ ಸೀರೆ ಹರ್ದೋಯ್ತದೆ," ಎಂದು ನುಣುಪು ಮುಖ ಮೇಲೆ ಬರುವಂತೆ ಅವರೇ ನಿಂತು ಹಾಕಿಸಿದ್ದರು.

*

ಮುಂದೆ ತಮಟೆ ಶುರುವಾಯಿತು, ಚಟ್ಟ ಎದ್ದಿತು. ಹಿತ್ತಲಲ್ಲಿ ಕಲ್ಲು ದಡಕ್ಕನೆ ಮಗುಚಿಕೊಂಡಿತು. ಇಷ್ಟು ವರ್ಷ ಸೋಪಿನ ನೀರು ಇಳಿದಿಳಿದು ಅಡಿಯ ಗಾರೆಯೆಲ್ಲ ಕಳಚಿಹೋಗಿತ್ತು.

"ಅಯ್ಯಯ್ಯಪ್ಪಾ! ಏನೋ ಕೆತ್ತವ್ರೆ ನೋಡಕ್ಕಾ!" ಜುಂಜಪ್ಪ ಹಾರೆ ಬಿಟ್ಟ.

ಶಶಿಕಲಾ ಸೆರಗಿನಿಂದ ಮಣ್ಣು ಒರೆಸಿದಳು. ಗುಬ್ಬಿ ಪೇಟೆ. ಕುಂಪಣಿ ಸರ್ಕಾರದ ಸುಂಕ. ಅವಳು ದಡಬಡಿಸಿ ಎದ್ದಳು.

"ನಿಲ್ಸಕ್ಕೇಳೋ ಜುಂಜಾ! ಚಟ್ಟ ಇಳಿಸ್ಲಿ! ನಿಮ್ ಭಾವ ಇದ್ನ ನೋಡ್ಬೇಕು ಕಣೋ!"

"ಎತ್ತಿದ್ ಚಟ್ಟ ಇಳಿಸ್ತಾರೇನಮ್ಮಾ?" ನರಸಿಂಹಮ್ಮ ಅವಳ ರಟ್ಟೆ ಹಿಡಿದರು. "ಬುಡು, ಹೋಗ್ಲಿ."

ತಮಟೆಯ ಸದ್ದು ಬೀದಿಯ ತಿರುವು ದಾಟಿತು. ಶಶಿಕಲಾ ಕಲ್ಲಿನ ಮುಂದೆ ಕುಕ್ಕರಿಸಿ, ಗಂಟಲು ಹರಿಯುವ ಹಾಗೆ ಓದತೊಡಗಿದಳು:

"ಅಡಿಕೆ ಹೇರಿಗೆ ಎರಡು ಹಣಾ... ಬೆಲ್ಲದ ಹೇರಿಗೆ ಒಂದು ಹಣಾ... ಕೇಳುಸ್ತೇನ್ರೀ... ಉಪ್ಪಿನ ಹೇರಿಗೇ..."

ಅಂತೂ ಅಳು ಬಂತಲ್ಲ ಎಂದು ಹೆಂಗಸರೆಲ್ಲ ಸುತ್ತ ಕೂತು, ಅವಳೊಡನೆ ದನಿ ತೆಗೆದು ಅತ್ತರು.